ಅಚ್ಚುಮೊಳೆಯ ಮುಂದೆ ಬಾಪು



ಈ ಸಂಚಿಕೆಯ ಲೇಖನಗಳ ಕರಡು ತಿದ್ದುವ ಕೆಲಸವನ್ನು ವೇದಿಕೆಯವರು ನನಗೆ ವಹಿಸಿದ್ದರು. ಆಫೀಸು ಮುಗಿಸಿ, ಮಗಳನ್ನು ಮಲಗಿಸಿ ಲ್ಯಾಪ್‌ಟಾಪ್ ತೆರೆದಾಗ ನಮ್ಮೂರ ಪುಟ್ಟ ಪ್ರೆಸ್ಸು ನೆನಪಾಯಿತು. ಚಿಕ್ಕವಳಿದ್ದಾಗ ಅತ್ತೆಯ ಲಗ್ನಪತ್ರಿಕೆ ಅಚ್ಚು ಹಾಕಿಸಲು ಅಪ್ಪನ ಜೊತೆ ಅಲ್ಲಿಗೆ ಹೋಗಿದ್ದೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಜೋಡಿಸುತ್ತಿದ್ದರು. ಅಪ್ಪ ಇನ್ನೆರಡು ಸಾಲು ಸೇರಿಸಿ ಎಂದಾಗ ಅವರ ಮುಖ ಸಪ್ಪಗಾಗಿತ್ತು. ಒಂದೊಂದು ಅಕ್ಷರಕ್ಕೂ ಬೆವರಿನ ಬೆಲೆ ಇದ್ದ ಕಾಲವದು.

ಇಂಥ ಮೊಳೆಗಳ ಮುಂದೆ ಗಾಂಧೀಜಿಯೂ ಕೂತಿದ್ದರು. ಚರಕದ ಗಾಂಧಿ ನಮಗೆಲ್ಲ ಗೊತ್ತು. ಅಚ್ಚುಕೂಟದ ಗಾಂಧಿಯ ಪರಿಚಯ ಕಡಿಮೆ.

1869ರಲ್ಲಿ ಪೋರಬಂದರಿನಲ್ಲಿ ಹುಟ್ಟಿ, ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆದ ಅವರು 1893ರಲ್ಲಿ ಒಂದು ವ್ಯಾಜ್ಯದ ಕೆಲಸಕ್ಕಾಗಿ ದಕ್ಷಿಣ ಆಫ್ರಿಕಾಕ್ಕೆ ಹೋದರು. ಅಲ್ಲಿ ಭಾರತೀಯರು ಪಡುತ್ತಿದ್ದ ಅವಮಾನ ಅವರನ್ನು ಅಲ್ಲಿಯೇ ಹಿಡಿದು ನಿಲ್ಲಿಸಿತು. 1903ರ ಜೂನ್‌ನಲ್ಲಿ ಡರ್ಬನ್ನಿನಿಂದ ‘ಇಂಡಿಯನ್ ಒಪಿನಿಯನ್’ ವಾರಪತ್ರಿಕೆ ಹೊರಟಿತು. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಎಂದು ನಾಲ್ಕು ಭಾಷೆ. ನಷ್ಟ ತುಂಬಲು ತಮ್ಮ ವಕೀಲಿಯ ಗಳಿಕೆಯನ್ನೇ ಸುರಿದರು.

1904ರಲ್ಲಿ ರೈಲು ಪ್ರಯಾಣದಲ್ಲಿ ಓದಿದ ರಸ್ಕಿನ್ನನ ‘ಅನ್‌ಟು ದಿಸ್ ಲಾಸ್ಟ್’ ಪುಸ್ತಕ ಅವರನ್ನು ಅಲುಗಾಡಿಸಿತು. ಡರ್ಬನ್ನಿನಿಂದ 14 ಮೈಲಿ ದೂರದ ಫೀನಿಕ್ಸ್‌ನಲ್ಲಿ 100 ಎಕರೆ ಜಮೀನು ಕೊಂಡು ಪ್ರೆಸ್ಸನ್ನೇ ಅಲ್ಲಿಗೆ ಸಾಗಿಸಿದರು. ಬಿಳಿಯರಿರಲಿ ಭಾರತೀಯರಿರಲಿ, ಎಲ್ಲರಿಗೂ ತಿಂಗಳಿಗೆ ಒಂದೇ ಸಂಬಳ, 3 ಪೌಂಡ್. ಮೊದಲ ಸಂಚಿಕೆಯ ರಾತ್ರಿಯೇ ಎಂಜಿನ್ ಕೈಕೊಟ್ಟಿತು. ಅಲ್ಲೇ ಮಲಗಿದ್ದ ಬಡಗಿಗಳನ್ನು ಎಬ್ಬಿಸಿ, ಸರದಿಯ ಮೇಲೆ ಕೈಯಿಂದ ಚಕ್ರ ತಿರುಗಿಸಿ, ಬೆಳಗಿನವರೆಗೂ ಅಚ್ಚು ಹಾಕಿದರು. ಪತ್ರಿಕೆ ಸಮಯಕ್ಕೆ ಓದುಗರ ಕೈಸೇರಿತು.

ಫೀನಿಕ್ಸ್‌ನಲ್ಲಿ ಎಲ್ಲರೂ ಮೊಳೆ ಜೋಡಿಸಲು ಕಲಿಯಬೇಕಿತ್ತು. ಬಂಧುವಾದ ಮಗನ್‌ಲಾಲ್ ಅದರಲ್ಲಿ ಪಳಗಿದರು. ತಾನು ಮಾತ್ರ ಕೊನೆಯವರೆಗೂ ದಡ್ಡನಾಗಿಯೇ ಉಳಿದೆ ಎಂದು ಗಾಂಧೀಜಿ ಒಪ್ಪಿಕೊಂಡಿದ್ದಾರೆ. ಹಿಂದಿ, ತಮಿಳು ವಿಭಾಗಗಳನ್ನು 1906ರಲ್ಲಿ ನಿಲ್ಲಿಸಬೇಕಾಯಿತು. ಆದರೂ ಅಲ್ಲಿನ ಹೋರಾಟಕ್ಕೆ ಹೆಸರು ಸಿಕ್ಕಿದ್ದು ಈ ಪತ್ರಿಕೆಯಿಂದಲೇ. ಓದುಗರಿಗೆ ಸ್ಪರ್ಧೆ ಇಟ್ಟಾಗ ಮಗನ್‌ಲಾಲ್ ಸೂಚಿಸಿದ ಸದಾಗ್ರಹ ಎಂಬ ಪದವನ್ನು ತಿದ್ದಿ ಗಾಂಧೀಜಿ ಸತ್ಯಾಗ್ರಹ ಎಂದರು.

1913ರ ಮಾರ್ಚ್‌ನಲ್ಲಿ ಅಲ್ಲಿನ ನ್ಯಾಯಾಲಯವೊಂದು ಕ್ರೈಸ್ತ ವಿಧಿಯಲ್ಲಿ ನಡೆಯದ ಮದುವೆಗಳಿಗೆ ಮಾನ್ಯತೆ ಇಲ್ಲ ಎಂದಿತು. ಅಂದರೆ ಸಾವಿರಾರು ಭಾರತೀಯ ಗೃಹಿಣಿಯರು ಕಾನೂನಿನ ಕಣ್ಣಲ್ಲಿ ಹೆಂಡತಿಯರೇ ಅಲ್ಲ! ಸೆಪ್ಟೆಂಬರಿನಲ್ಲಿ ಫೀನಿಕ್ಸ್‌ನಿಂದ ಹೊರಟ 16 ಸತ್ಯಾಗ್ರಹಿಗಳಲ್ಲಿ ನಾಲ್ವರು ಹೆಂಗಸರು. ಕಸ್ತೂರಬಾ ಅವರಲ್ಲಿ ಒಬ್ಬರು, ಮಗನ್‌ಲಾಲರ ಹೆಂಡತಿ ಸಂತೋಕ್ ಇನ್ನೊಬ್ಬರು. ಪರವಾನಗಿಯಿಲ್ಲದೆ ಟ್ರಾನ್ಸ್‌ವಾಲ್ ಗಡಿ ದಾಟಿದ್ದಕ್ಕೆ ಮೂರು ತಿಂಗಳ ಕಠಿಣ ಸಜೆಯಾಯಿತು. ಹೆಂಡತಿ ಜೈಲಿನಲ್ಲಿ, ಗಂಡ ಪತ್ರಿಕೆ ನಿಲ್ಲದಂತೆ ಪ್ರೆಸ್ಸಿನಲ್ಲಿ. 1914ರ ಕಾನೂನು ಆ ಮದುವೆಗಳಿಗೆ ಮಾನ್ಯತೆ ಕೊಟ್ಟಿತು.

ಇನ್ನೊಂದು ಮಾತನ್ನೂ ಹೇಳಲೇಬೇಕು. ಆ ಪತ್ರಿಕೆ ಹೋರಾಡಿದ್ದು ಭಾರತೀಯರಿಗಾಗಿ. ಅದೇ ನೆಲದ ಆಫ್ರಿಕನ್ನರ ಬಗ್ಗೆ ಗಾಂಧೀಜಿ ಆರಂಭದ ವರ್ಷಗಳಲ್ಲಿ ಬರೆದ ಕೆಲವು ಮಾತುಗಳನ್ನು ಓದಿದರೆ ಇಂದು ನೋವಾಗುತ್ತದೆ. ಅಚ್ಚಾದ ಮಾತು ಬರೆದವರ ದೊಡ್ಡತನವನ್ನೂ ಸಣ್ಣತನವನ್ನೂ ಹಾಗೆಯೇ ಉಳಿಸಿಬಿಡುತ್ತದೆ.

1915ರಲ್ಲಿ ಭಾರತಕ್ಕೆ ಮರಳಿದ ಮೇಲೂ ಅಚ್ಚಿನ ನಂಟು ಬಿಡಲಿಲ್ಲ. ‘ಯಂಗ್ ಇಂಡಿಯಾ’ದ ಮೂರು ಲೇಖನಗಳಿಗಾಗಿ 1922ರಲ್ಲಿ ಆರು ವರ್ಷದ ಶಿಕ್ಷೆಯಾಯಿತು. 1933ರಲ್ಲಿ ಅಸ್ಪೃಶ್ಯತೆಯ ವಿರುದ್ಧದ ‘ಹರಿಜನ್’ ಆರಂಭವಾದದ್ದು ನಾವಿರುವ ಇದೇ ಪುಣೆಯಿಂದ. ಆಗ ಅವರು ಯೆರವಡಾ ಜೈಲಿನಲ್ಲಿದ್ದರು. 1948ರಲ್ಲಿ ಗುಂಡೇಟಿಗೆ ಬಲಿಯಾಗುವವರೆಗೂ ಅವರು ಬರೆಯುತ್ತಲೇ ಇದ್ದರು. ವಿಚಾರ ಮಾಡದೆ ಒಂದು ಪದವನ್ನೂ ಬರೆಯದ ಸಂಯಮವನ್ನು ‘ಇಂಡಿಯನ್ ಒಪಿನಿಯನ್’ ತನಗೆ ಕಲಿಸಿತು ಎಂದು ಅವರು ನೆನೆದಿದ್ದಾರೆ.

ಈ ಸಂಯಮ ನನ್ನಲ್ಲಿರಲಿಲ್ಲ. ಕಳೆದ ವರ್ಷ ಮನೆಗೆಲಸದ ಹೆಣ್ಣುಮಗಳೊಬ್ಬಳ ಮೇಲೆ ಕಳ್ಳತನದ ಅನುಮಾನ ಹೊರಿಸಿದ ವಾಟ್ಸಾಪ್ ಸಂದೇಶವೊಂದನ್ನು ನಾನೂ ಮುಂದಕ್ಕೆ ಕಳಿಸಿದ್ದೆ. ಸುಳ್ಳೆಂದು ತಿಳಿದಾಗ ಡಿಲೀಟ್ ಮಾಡಿದೆ. ಅಷ್ಟರಲ್ಲಿ ಆಕೆ ಮೂರು ಮನೆಯ ಕೆಲಸ ಕಳೆದುಕೊಂಡಿದ್ದಳು. ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಕೆಲಸ ಮಾತ್ರ ಮರಳಿ ಕೊಡಿಸಲಾಗಲಿಲ್ಲ.

ಆ ಸಾಲುಗಳನ್ನು ಮೊಳೆ ಮೊಳೆಯಾಗಿ ಜೋಡಿಸಬೇಕಾಗಿದ್ದರೆ, ಆಕೆಯ ಹೆಸರಿಗೆ ಬರುವ ಹೊತ್ತಿಗಾದರೂ ನನ್ನ ಕೈ ತಡೆಯುತ್ತಿತ್ತೇನೋ. ಈಗ ಏನನ್ನೇ ಕಳಿಸುವ ಮುನ್ನ ಒಮ್ಮೆ ನಿಂತು ಓದುತ್ತೇನೆ. ಈ ಸಂಚಿಕೆಯನ್ನೂ ಹಾಗೆಯೇ ಓದಿ ನಿಮ್ಮ ಕೈಗಿಡುತ್ತಿದ್ದೇನೆ.