ಗದಗಿನ ಗವಾಯಿಗಳು ತೋರಿದ ದಾರಿ

ಪಂಚಾಕ್ಷರ ಗವಾಯಿಗಳನ್ನು ನಾಡು ಸಂಗೀತಗಾರರೆಂದು ನೆನೆಯುತ್ತದೆ. ಅದು ಸಹಜವೇ. ಆದರೆ ಅವರ ಬಾಳನ್ನು ಇನ್ನೊಂದು ಮಗ್ಗುಲಿನಿಂದಲೂ ನೋಡಬೇಕೆಂದು ನನಗೆ ಅನ್ನಿಸುತ್ತದೆ. ಅಂಧನಾದವನಿಗೆ ಊರೊಳಗೆ ಸ್ಥಾನ ದೊರೆಯುವುದು ಹೇಗೆ ಎಂಬ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಇತ್ತವರು ಅವರು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಅಣ್ಣ ಗುರುಬಸಯ್ಯನೂ ಅಂಧನೇ. ಹಾನಗಲ್ಲ ಕುಮಾರಸ್ವಾಮಿಗಳು ಈ ಬಾಲಕರಿಗೆ ಆಶ್ರಯವಿತ್ತು ಸಂಗೀತಶಿಕ್ಷಣಕ್ಕೆ ಏರ್ಪಾಡು ಮಾಡಿದರು. ಗದಿಗೆಯ್ಯ ಕರ್ನಾಟಕ ಪದ್ಧತಿಯನ್ನೂ, ನೀಲಕಂಠಬುವಾ ಮಿರಜಕರರಲ್ಲಿ ಹಿಂದುಸ್ತಾನಿ ಪದ್ಧತಿಯನ್ನೂ ಕಲಿತು ಪಂಚಾಕ್ಷರ ಗವಾಯಿಗಳಾದರು.

ವಿದ್ಯೆ ಕೈಗೂಡಿದ ಮೇಲೆ ಕೀರ್ತಿಯನ್ನರಸಿ ಒಬ್ಬರೇ ನಡೆಯಬಹುದಾಗಿತ್ತು. ಅವರು ಹಾಗೆ ಮಾಡದೆ ಅಂಧರನ್ನೂ ಅನಾಥರನ್ನೂ ಬಡವರನ್ನೂ ಕೂಡಿಸಿಕೊಂಡು ಊರೂರು ಸಂಚರಿಸುವ ಪಾಠಶಾಲೆಯನ್ನು ನಡೆಸಿದರು. ಭಕ್ತರ ಕಾಣಿಕೆ, ನಾಟಕ ಕಂಪನಿಯ ಸಂಪಾದನೆ, ಇವೇ ಅದಕ್ಕೆ ಆಧಾರ. ಕಣ್ಣುಳ್ಳ ಬಸವರಾಜ ರಾಜಗುರುಗಳೂ ಕಣ್ಣಿಲ್ಲದ ಪುಟ್ಟರಾಜರೂ ಅದೇ ಗುರುವಿನ ಬಳಿ ಕಲಿತರು. ಅಂಧರನ್ನು ಬೇರೆಯಾಗಿ ಕೂರಿಸುವ ಯೋಚನೆಯೇ ಅಲ್ಲಿರಲಿಲ್ಲ. ಕೊನೆಗೆ ಗದಗಿನ ಬಸರಿಗಿಡದ ವೀರಪ್ಪನವರ ಔದಾರ್ಯದಿಂದ ಪಾಠಶಾಲೆ ನೆಲೆನಿಂತು ವೀರೇಶ್ವರ ಪುಣ್ಯಾಶ್ರಮವಾಯಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಅನಂತರ ಆಶ್ರಮದ ಹೊಣೆಯನ್ನು ಪುಟ್ಟರಾಜರು 2010ರಲ್ಲಿ ತಾವು ಕಣ್ಮರೆಯಾಗುವವರೆಗೂ ಹೊತ್ತರು.

ಈ ಬಾಳಿನ ಫಲ ಗದಗಿನಲ್ಲೇ ಉಳಿಯಲಿಲ್ಲ. ನಮ್ಮ ಗುಂಡಗುರ್ತಿಯ ಸುತ್ತ, ಚಿತ್ತಾಪುರ ಸೇಡಂ ಸೀಮೆಯಲ್ಲಿ, ಶ್ರಾವಣ ಬಂತೆಂದರೆ ಪುರಾಣ ಹಚ್ಚುತ್ತಾರೆ. ಪುರಾಣಕ್ಕೆ ಶಾಸ್ತ್ರಿಗಳು ಬೇಕು. ಹಾಡುವವರು, ತಬಲಾ ಬಾರಿಸುವವರು ಬೇಕು. ಅಂಥ ಕಡೆಗೆ ಆಶ್ರಮದಲ್ಲಿ ಕಲಿತ ಅಂಧ ಗವಾಯಿಯು ಬೇಡುವವನಾಗಿ ಬರುವುದಿಲ್ಲ; ಬೇಕಾದವನಾಗಿ ಬರುತ್ತಾನೆ. ಗುರುಗಳ ಸಾಧನೆಯ ತಿರುಳು ಇದೇ ಎಂದು ನನ್ನ ನಂಬಿಕೆ.

ಆದರೆ ಕಂಠವಿಲ್ಲದ ಅಂಧ ಬಾಲಕನ ಗತಿಯೇನು? ನಡೆಯಲಾರದವರ, ಕಿವಿ ಕೇಳದವರ ಗತಿಯೇನು? ಒಬ್ಬ ಗುರುವಿನ ಕರುಣೆ, ಎಷ್ಟೇ ದೊಡ್ಡದಾದರೂ, ಎಲ್ಲರನ್ನೂ ಮುಟ್ಟಲಾರದು. ಅದಕ್ಕಾಗಿಯೇ ಸರಕಾರದ ಯೋಜನೆ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು 21 ಬಗೆಯ ವೈಕಲ್ಯಗಳನ್ನು ಗುರುತಿಸಿದೆ. ಸರಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡಾ 4ರಷ್ಟನ್ನು ಮೀಸಲಿಟ್ಟಿದೆ. ಸಮುದಾಯದ ನಡುವೆ ಬಾಳುವುದನ್ನು ಹಕ್ಕೆಂದು ಸಾರಿದೆ. ದಯೆಯಿಂದ ದೊರೆಯುತ್ತಿದ್ದುದು ಹಕ್ಕಾದದ್ದು ಸಣ್ಣ ಮಾತಲ್ಲ.

ಹಕ್ಕು ಬಾಗಿಲನ್ನು ತೆರೆಯಬಲ್ಲದು. ಒಳಗೆ ಬಂದವನಿಗೆ ಮಾಡಲು ಒಂದು ಕೆಲಸವೂ ಕೂರಲು ಒಂದು ಜಾಗವೂ ಇರಬೇಕಷ್ಟೆ. ನೆರವು ಎಷ್ಟು ಮಂದಿಗೆ ಸಂದಿತೆಂದು ಲೆಕ್ಕವಿಡುವ ಯೋಜನೆಯು, ಅವರಲ್ಲಿ ಎಷ್ಟು ಮಂದಿ ಊರಿಗೆ ಬೇಕಾದವರಾದರು ಎಂಬ ಲೆಕ್ಕವನ್ನೂ ಇಡಲಿ.