ಡಾಕ್ಟರ್ ಬಿಧಾನಚಂದ್ರ ರಾಯರು: ವೈದ್ಯವಿದ್ಯೆಯ ಮಹಾದ್ವಾರದಲ್ಲಿ

ವೈದ್ಯಕೀಯ ಕಾಲೇಜುಗಳ ಪ್ರವೇಶದ ಕಾಲ ಬಂದಿತೆಂದರೆ ನಮ್ಮ ದೇಶದ ಸಾವಿರಾರು ಮನೆಗಳಲ್ಲಿ ನಿದ್ರೆಯಿರುವುದಿಲ್ಲ. ೨೦೨೪ರ ಪ್ರವೇಶಪರೀಕ್ಷೆಗೆ ಕುಳಿತವರ ಸಂಖ್ಯೆ ೨೦ ಲಕ್ಷವನ್ನು ಮೀರಿತ್ತು. ದೊರೆಯುವ ಸ್ಥಾನಗಳಾದರೋ ಒಂದು ಲಕ್ಷಕ್ಕೆ ತುಸು ಮೇಲೆ. ಹೀಗಿರುವಾಗ ನಿರಾಶರಾಗುವವರೇ ಹೆಚ್ಚೆಂಬುದು ಹೇಳಬೇಕಾದ ಮಾತಲ್ಲ. ಯಾರ ಜನ್ಮದಿನವನ್ನು ೧೯೯೧ರಿಂದ ನಾವು ವೈದ್ಯರ ದಿನವೆಂದು ಆಚರಿಸುತ್ತ ಬಂದಿದ್ದೇವೆಯೋ ಆ ಬಿಧಾನಚಂದ್ರ ರಾಯರೂ ಈ ವಿದ್ಯೆಯ ಬಾಗಿಲಲ್ಲಿ ಬಹುಕಾಲ ಕಾದು ನಿಂತವರೇ. ಅವರ ಚರಿತ್ರೆಯ ಈ ಭಾಗವನ್ನು ಇಂದಿನ ತರುಣರೂ, ತರುಣರನ್ನು ಆರಿಸುವ ಅಧಿಕಾರಿಗಳೂ ಅರಿಯುವುದು ಲೇಸು.

ರಾಯರು ಹುಟ್ಟಿದ್ದು ೧೮೮೨ನೆಯ ಜುಲೈ ೧ರಂದು, ಪಾಟ್ನಾದ ಬಂಕೀಪುರದಲ್ಲಿ. ತಂದೆ ಪ್ರಕಾಶಚಂದ್ರ ರಾಯರು ಅಬಕಾರಿ ಇಲಾಖೆಯ ಅಧಿಕಾರಿಗಳು. ತಾಯಿ ಅಘೋರಕಾಮಿನೀ ದೇವಿಯವರು. ಬ್ರಹ್ಮಸಮಾಜದ ಆಚಾರವನ್ನು ಕೈಕೊಂಡಿದ್ದ ಈ ದಂಪತಿಗಳು ಆದಾಯದ ಬಹುಭಾಗವನ್ನು ದೀನರ ಸೇವೆಗೆ ಸಲ್ಲಿಸುತ್ತಿದ್ದರು. ಐವರು ಮಕ್ಕಳಲ್ಲಿ ಬಿಧಾನರೇ ಕಿರಿಯರು. ಹದಿನಾಲ್ಕನೆಯ ವಯಸ್ಸಿನಲ್ಲಿಯೇ ಅವರಿಗೆ ಮಾತೃವಿಯೋಗವಾಯಿತು. ಪಾಟ್ನಾ ಕಾಲೇಜಿನಲ್ಲಿ ಗಣಿತವನ್ನು ವಿಶೇಷವಾಗಿ ಓದಿ ೧೯೦೧ರಲ್ಲಿ ಬಿ. ಎ. ಪದವಿಯನ್ನು ಪಡೆದರು.

ಬಾಲ್ಯದಿಂದಲೂ ವೈದ್ಯನಾಗಬೇಕೆಂಬ ಹಂಬಲ ಅವರಿಗೇನೂ ಇರಲಿಲ್ಲ. ಅವರು ಶಿಬಪುರದ ಇಂಜಿನಿಯರಿಂಗ್ ಕಾಲೇಜಿಗೂ ಕಲಕತ್ತೆಯ ಮೆಡಿಕಲ್ ಕಾಲೇಜಿಗೂ ಅರ್ಜಿಯನ್ನು ಕಳುಹಿಸಿದರು, ಎರಡೂ ಕಡೆಗಳಲ್ಲಿ ಸ್ಥಾನ ದೊರೆಯಿತು, ವೈದ್ಯವನ್ನು ಆರಿಸಿಕೊಂಡರು. ಹೀಗೆ ಮೊದಲನೆಯ ಬಾಗಿಲು ಸುಲಭವಾಗಿಯೇ ತೆರೆಯಿತು. ಒಳಗಿನ ದಾರಿ ಸುಗಮವಾಗಿರಲಿಲ್ಲ. ತಂದೆಯವರಿಂದ ಹೆಚ್ಚಿನ ಧನಸಹಾಯ ಬರುವಂತಿರಲಿಲ್ಲವಾದ್ದರಿಂದ ಪುಸ್ತಕಗಳನ್ನು ಕೊಳ್ಳದೆ, ಇತರರ ಟಿಪ್ಪಣಿಗಳಿಂದಲೂ ಗ್ರಂಥಾಲಯದಿಂದಲೂ ಓದಿದರು. ಶ್ರೀಮಂತ ರೋಗಿಗಳ ಮಗ್ಗುಲಲ್ಲಿ ಹನ್ನೆರಡು ಗಂಟೆ ಶುಶ್ರೂಷೆಗೆ ನಿಂತು ಎಂಟು ರೂಪಾಯಿ ಸಂಪಾದಿಸುತ್ತಿದ್ದರು. ೧೯೦೫ರ ವಂಗಭಂಗದಿಂದ ಬಂಗಾಳದ ತಾರುಣ್ಯವೆಲ್ಲ ಬೀದಿಗಿಳಿದಾಗಲೂ, ಮೊದಲು ವಿದ್ಯೆ, ಆಮೇಲೆ ಆ ವಿದ್ಯೆಯಿಂದ ದೇಶಸೇವೆ ಎಂದು ಮನಸ್ಸನ್ನು ಬಿಗಿಹಿಡಿದರು.

ಇಷ್ಟು ಶ್ರಮದ ಬಳಿಕ ಒದಗಿದ್ದು ಅಪಜಯ. ಪ್ರಸೂತಿಶಾಸ್ತ್ರದ ಆಂಗ್ಲ ಪ್ರಾಧ್ಯಾಪಕರೊಬ್ಬರ ಕುದುರೆಗಾಡಿ ಟ್ರಾಮಿಗೆ ತಗುಲಿ ಅಪಘಾತವಾದುದನ್ನು ರಾಯರು ಕಂಡಿದ್ದರು. ತಪ್ಪು ಟ್ರಾಮಿನದೆಂದು ಸಾಕ್ಷಿ ನುಡಿಯಬೇಕೆಂದು ಪ್ರಾಧ್ಯಾಪಕರು ಅಪೇಕ್ಷಿಸಲು, ತಾವು ಕಂಡಂತೆ ತಪ್ಪು ಗಾಡಿಯದೇ ಎಂದು ಶಿಷ್ಯರು ಉತ್ತರಿಸಿದರು. ಕೆಲವು ದಿನಗಳ ಮೇಲೆ ಎಂ. ಬಿ. ಪದವಿಯ ಮೌಖಿಕ ಪರೀಕ್ಷೆಯಲ್ಲಿ ಅದೇ ಪ್ರಾಧ್ಯಾಪಕರ ಎದುರಿಗೆ ನಿಲ್ಲಬೇಕಾಗಿ ಬಂದು, ಅಲ್ಲಿಂದ ಹೊರಗಟ್ಟಲ್ಪಟ್ಟು ಅನುತ್ತೀರ್ಣರಾದರೆಂದು ಅವರ ಜೀವನಚರಿತ್ರಕಾರರು ಹೇಳುತ್ತಾರೆ. ಬರವಣಿಗೆಯ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ನಡುವೆ ಇರುತ್ತದೆ; ಮುಖಾಮುಖಿ ಪರೀಕ್ಷೆಯಲ್ಲಿ ಪರೀಕ್ಷಕನ ಮನಸ್ಸೇ ತಕ್ಕಡಿ. ಆ ತಕ್ಕಡಿಯಲ್ಲಿ ಕೋಪವು ಕುಳಿತರೆ ವಿದ್ಯೆಯ ತೂಕ ಲೆಕ್ಕಕ್ಕೆ ಬಾರದು.

ಆದರೂ ಆಂಗ್ಲ ಗುರುಗಳೆಲ್ಲರೂ ಒಂದೇ ಬಗೆಯವರೆಂದು ಹೇಳುವುದು ನ್ಯಾಯವಲ್ಲ. ಕಾಲೇಜಿನ ಮುಖ್ಯಾಧ್ಯಾಪಕರಾದ ಕರ್ನಲ್ ಲ್ಯೂಕಿಸರು ಈ ಶಿಷ್ಯನ ಯೋಗ್ಯತೆಯನ್ನು ಬಲ್ಲವರಾಗಿದ್ದು, ಎದೆಗುಂದದೆ ಎಲ್. ಎಂ. ಎಸ್. ಪರೀಕ್ಷೆಗೆ ಕೂರುವಂತೆ ಪ್ರೇರಿಸಿದರು. ರಾಯರು ೧೯೦೬ರಲ್ಲಿ ಅದರಲ್ಲಿ ತೇರ್ಗಡೆಯಾಗಿ ಸರಕಾರದ ಪ್ರಾಂತೀಯ ವೈದ್ಯಸೇವೆಯನ್ನು ಸೇರಿದರು, ೧೯೦೮ರಲ್ಲಿ ಎಂ. ಡಿ. ಪದವಿಯನ್ನೂ ಪಡೆದರು.

ಅಂದಿನ ಭಾರತದಲ್ಲಿ ಎಂ. ಡಿ. ಎಂಬುದು ಕೊನೆಯ ಮೆಟ್ಟಿಲಾಗಿರಲಿಲ್ಲ. ದೊಡ್ಡ ಆಸ್ಪತ್ರೆಗಳ ಹಾಗೂ ಸರಕಾರಿ ಕಾಲೇಜುಗಳ ಮೇಲಿನ ಪೀಠಗಳು ಬಹುಮಟ್ಟಿಗೆ ಇಂಡಿಯನ್ ಮೆಡಿಕಲ್ ಸರ್ವಿಸಿನ ಅಧಿಕಾರಿಗಳ ಕೈಯಲ್ಲಿದ್ದವು. ವಿಲಾಯತಿಯ ಮುದ್ರೆ ಬೀಳದ ವಿದ್ಯೆಗೆ ಪೂರ್ಣ ಬೆಲೆಯಿರಲಿಲ್ಲ. ಆದುದರಿಂದ ೧೯೦೯ರ ಫೆಬ್ರವರಿಯಲ್ಲಿ ರಾಯರು ೧,೨೦೦ ರೂಪಾಯಿಗಳನ್ನು ಮಾತ್ರ ಜೊತೆಗಿಟ್ಟುಕೊಂಡು ಇಂಗ್ಲೆಂಡಿಗೆ ಹಡಗನ್ನೇರಿದರು.

ಲಂಡನ್ನಿನಲ್ಲಿ ಅವರು ಅರಸಿದ್ದು ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯ ವಿದ್ಯಾಲಯವನ್ನು. ೧೧೨೩ರಲ್ಲಿ ಸ್ಥಾಪಿತವಾದ ಆ ಸಂಸ್ಥೆ ಆಂಗ್ಲರ ವೈದ್ಯವಿದ್ಯೆಯ ಪುರಾತನ ಪೀಠಗಳಲ್ಲಿ ಒಂದು. ಏಷ್ಯದಿಂದ ಬಂದ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳಲು ಅಲ್ಲಿಯ ಡೀನರಿಗೆ ಮನಸ್ಸಿರಲಿಲ್ಲ, ಅರ್ಜಿ ತಿರಸ್ಕೃತವಾಯಿತು. ರಾಯರು ಮತ್ತೆ ಅರ್ಜಿಯನ್ನು ಕೊಟ್ಟರು, ಮತ್ತೆ ನಿರಾಕರಣೆ. ಬೇರೊಂದು ವಿದ್ಯಾಲಯವನ್ನು ಹುಡುಕಿಕೊಳ್ಳದೆ, ಯಾರ ಶಿಫಾರಸಿಗೂ ಕೈಯೊಡ್ಡದೆ, ಜಗಳವನ್ನೂ ಆಡದೆ, ಒಂದಾದ ಮೇಲೊಂದರಂತೆ ಅರ್ಜಿಗಳನ್ನು ಸಲ್ಲಿಸುತ್ತಲೇ ಹೋದರು. ಹೀಗೆ ಮೂವತ್ತು ಬಾರಿ ನಡೆಯಿತೆಂದು ಪ್ರಸಿದ್ಧಿಯಿದೆ. ಕಡೆಗೆ ಮಣಿದವರು ಡೀನರೇ.

ಒಳಹೊಕ್ಕ ಮೇಲೆ ರಾಯರು ಕಾಲವನ್ನು ವ್ಯರ್ಥಗೊಳಿಸಲಿಲ್ಲ. ಎರಡು ವರ್ಷ ಮೂರು ತಿಂಗಳಿನೊಳಗಾಗಿ, ೧೯೧೧ರ ಮೇ ತಿಂಗಳಿಗೆ, ಔಷಧಶಾಸ್ತ್ರದ ಎಂ. ಆರ್. ಸಿ. ಪಿ. ಮತ್ತು ಶಸ್ತ್ರವಿದ್ಯೆಯ ಎಫ್. ಆರ್. ಸಿ. ಎಸ್. ಎಂಬ ಎರಡು ಶ್ರೇಷ್ಠ ಅರ್ಹತೆಗಳನ್ನೂ ಗಳಿಸಿದರು. ಒಂದನ್ನು ಪಡೆಯುವುದೇ ಕಷ್ಟವೆನಿಸಿದ್ದ ಕಾಲದಲ್ಲಿ ಎರಡನ್ನೂ ಒಟ್ಟಿಗೆ ಪಡೆದವರು ವಿರಳ. ಮೂವತ್ತು ಅರ್ಜಿಗಳಿಗೆ ಅವರು ಒದಗಿಸಿದ ಪ್ರಮಾಣಪತ್ರವಿದು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿ ಛಲದ ಗುಣವನ್ನು ಕೊಂಡಾಡುತ್ತಾರೆ. ಅದು ಸಲ್ಲತಕ್ಕದ್ದೇ. ಆದರೆ ಛಲವೊಂದರಿಂದಲೇ ಎಲ್ಲವೂ ಸಿದ್ಧಿಸುವುದಾದರೆ ಅನ್ಯಾಯದ ಬಾಗಿಲಿಗೆ ಯಾವ ದೋಷವೂ ಇಲ್ಲವೆಂದಂತಾಗುವುದು. ಹಣ ಮೊದಲೇ ಮುಗಿದು ಹೋಗಿದ್ದರೆ? ಹತ್ತನೆಯ ಅರ್ಜಿಗೇ ಮನಸ್ಸು ಕುಗ್ಗಿದ್ದರೆ? ಹಾಗೆ ಬರಿಗೈಯಲ್ಲಿ ಹಿಂದಿರುಗಿದವರ ಹೆಸರನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ.

ಊರಿಗೆ ಮರಳಿದ ರಾಯರಿಗೆ ಎರಡು ಮಹಾ ಅರ್ಹತೆಗಳಿದ್ದರೂ ದೊರೆತದ್ದು ಕ್ಯಾಂಪ್‌ಬೆಲ್ ವೈದ್ಯಶಾಲೆಯ ಅಧ್ಯಾಪಕತ್ವ. ಅಷ್ಟರಲ್ಲಿ ಕಲಕತ್ತೆಯಲ್ಲಿಯೇ ಇನ್ನೊಂದು ಮಹಾಪ್ರಯತ್ನ ಫಲಿಸುತ್ತಿತ್ತು. ಎಡಿನ್‌ಬರೋದಲ್ಲಿ ಕಲಿತು ಬಂದ ಡಾಕ್ಟರ್ ರಾಧಾಗೋವಿಂದ ಕರರು ೧೮೮೬ರಲ್ಲಿ ಸರಕಾರದ ಹಂಗಿಲ್ಲದೆ ಪ್ರಾರಂಭಿಸಿದ್ದ ವೈದ್ಯಶಾಲೆ ೧೯೧೬ರಲ್ಲಿ ಬೆಲಗಾಛಿಯ ಕಾಲೇಜಾಗಿ ಬೆಳೆಯಿತು. ಮುಂದೆ ಕಾರ್ಮೈಕೇಲ್ ಕಾಲೇಜೆಂಬ ಹೆಸರನ್ನು ತಳೆಯಿತು. ೧೯೧೯ರಲ್ಲಿ ರಾಯರು ಸರಕಾರಿ ನೌಕರಿಯನ್ನು ತ್ಯಜಿಸಿ ಅಲ್ಲಿ ಪ್ರಾಧ್ಯಾಪಕರಾದರು. ಪರರ ಬಾಗಿಲನ್ನು ಮೂವತ್ತು ಬಾರಿ ತಟ್ಟಿದ ಕೈ ನಮ್ಮದೇ ಮನೆಯ ಬಾಗಿಲನ್ನು ತೆರೆದು ಹಿಡಿಯಲು ನಿಂತಿತು. ೧೯೩೦ರಲ್ಲಿ ಬ್ರಿಟನ್ನಿನ ವೈದ್ಯಮಂಡಲಿಯು ಭಾರತದ ವೈದ್ಯಪದವಿಗಳಿಗೆ ಕೊಟ್ಟಿದ್ದ ಮನ್ನಣೆಯನ್ನು ಹಿಂತೆಗೆದುಕೊಂಡಿತು. ಇಲ್ಲಿಯ ವಿದ್ಯೆಯ ಮಟ್ಟವನ್ನು ಇಲ್ಲಿಯವರೇ ನಿಶ್ಚಯಿಸಬೇಕೆಂಬ ಅಗತ್ಯ ಎದ್ದು ಕಂಡಿತು. ೧೯೩೩ರ ಶಾಸನದಿಂದ ಭಾರತೀಯ ವೈದ್ಯಮಂಡಲಿ ಹುಟ್ಟಿತು. ೧೯೩೯ರಲ್ಲಿ ಅದರ ಅಧ್ಯಕ್ಷಪೀಠವನ್ನೇರಿದವರು ರಾಯರೇ. ೧೯೪೨ರಿಂದ ೧೯೪೪ರವರೆಗೆ ಕಲಕತ್ತೆಯ ವಿಶ್ವವಿದ್ಯಾಲಯಕ್ಕೆ ಉಪಕುಲಪತಿಗಳೂ ಆದರು.

ಅವರ ರಾಜಕೀಯ ಜೀವನ ವಾಚಕರಿಗೆ ತಿಳಿದದ್ದೇ. ೧೯೨೩ರ ಚುನಾವಣೆಯಲ್ಲಿ ಸುರೇಂದ್ರನಾಥ ಬ್ಯಾನರ್ಜಿಯವರನ್ನು ಸೋಲಿಸಿದರು. ೧೯೩೦ರಲ್ಲಿ ಸೆರೆಮನೆಯನ್ನು ಕಂಡರು. ಮರುವರ್ಷ ಕಲಕತ್ತೆಯ ಮೇಯರರಾದರು. ಗಾಂಧೀಜಿಯವರ ಉಪವಾಸಗಳ ಕಾಲದಲ್ಲಿ ಅವರ ಶಯ್ಯೆಯ ಬಳಿ ಕಾದರು. ೧೯೪೮ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಮುಖ್ಯಮಂತ್ರಿಗಳಾಗಿ ಕೊನೆಯುಸಿರಿನವರೆಗೂ ಆ ಭಾರವನ್ನು ಹೊತ್ತರು. ಅದೇ ವರ್ಷ ಬೆಲಗಾಛಿಯ ಕಾಲೇಜಿಗೆ ಅದರ ಮೂಲಪುರುಷರಾದ ಕರರ ಹೆಸರು ಬಂದಿತು. ೧೯೬೧ರಲ್ಲಿ ರಾಯರು ಭಾರತರತ್ನ ಪ್ರಶಸ್ತಿಗೆ ಪಾತ್ರರಾದರು. ಮರುವರ್ಷದ ಜುಲೈ ೧ರಂದು, ಎಂಬತ್ತು ವರ್ಷ ತುಂಬಿದ ಜನ್ಮದಿನದಂದೇ, ದೇಹವನ್ನು ಬಿಟ್ಟರು. ತಮ್ಮ ಮನೆಯನ್ನು ತಾಯಿಯ ಹೆಸರಿನ ಶುಶ್ರೂಷಾಲಯಕ್ಕಾಗಿ ಮೊದಲೇ ದಾನಮಾಡಿದ್ದರು.

ಇಂದು ಆರಿಸುವ ಕೈ ಪರಕೀಯರದಲ್ಲ, ನಮ್ಮದೇ. ಆದುದರಿಂದ ನಮ್ಮ ಹೊಣೆ ಹಗುರವಾಗಲಿಲ್ಲ, ಹೆಚ್ಚಾಯಿತು. ಅರ್ಜಿಯನ್ನು ಕೈಗೆತ್ತಿಕೊಳ್ಳುವ ಅಧಿಕಾರಿ ಅಭ್ಯರ್ಥಿಯ ಹುಟ್ಟನ್ನೂ ಹಣವನ್ನೂ ತೂಗದೆ ಯೋಗ್ಯತೆಯನ್ನೇ ತೂಗಲಿ. ತಿರಸ್ಕೃತನಾದ ತರುಣನು ಒಂದು ನಿರಾಕರಣೆಯನ್ನು ತನ್ನ ಬಾಳಿನ ಕೊನೆಯ ತೀರ್ಪೆಂದು ಬಗೆಯದಿರಲಿ. ಯೋಗ್ಯನಾದವನೊಬ್ಬನು ಮೂವತ್ತು ಬಾರಿ ಬಾಗಿಲನ್ನು ತಟ್ಟಿದನೆಂಬುದು ಅವನಿಗೆ ಕೀರ್ತಿ. ಹಾಗೆ ತಟ್ಟಿಸಿಕೊಂಡ ಬಾಗಿಲಿಗೆ ಅದು ಎಂದಿಗೂ ಕೀರ್ತಿಯಲ್ಲ.