ಲೀಜಾ ಲೇಮನ್

ಇಂಗ್ಲೆಂಡಿನ ಗಾಯಕಿಯೂ ಗೀತ ಸಂಯೋಜಕಿಯೂ ಆಗಿದ್ದ ಲೀಜಾ ಲೇಮನ್ ಜನಿಸಿದ್ದು 1862ರಲ್ಲಿ, ಲಂಡನ್ನಿನಲ್ಲಿ. ತಂದೆ ರುಡಾಲ್ಫ್ ಹೆಸರಾಂತ ಚಿತ್ರಕಾರ. ತಾಯಿ ಅಮೀಲಿಯಾ ಸಂಗೀತದಲ್ಲಿ ಪರಿಶ್ರಮವುಳ್ಳವಳು. ಆದರೆ ಬಹಳ ಸಂಕೋಚದವಳು. ತನ್ನ ರಚನೆಗಳ ಮೇಲೆ ಹೆಸರಿನ ಮೊದಲಕ್ಷರಗಳನ್ನಷ್ಟೇ ಅಚ್ಚು ಹಾಕಿಸುತ್ತಿದ್ದಳು. ಮಗಳಿಗೆ ಸಂಗೀತದ ಮೊದಲ ಪಾಠವಾದುದು ಈ ತಾಯಿಯಿಂದಲೇ.

1885ರಲ್ಲಿ ಲೀಜಾ ಲಂಡನ್ನಿನ ಸಂಗೀತ ಸಭೆಯಲ್ಲಿ ಮೊದಲು ಹಾಡಿದಳು. ಮುಂದೆ ಒಂಬತ್ತು ವರ್ಷ ಆಕೆಗೆ ಕಚೇರಿಗಳಲ್ಲಿ ಒಳ್ಳೆಯ ಮನ್ನಣೆ ದೊರೆಯಿತು. ಆದರೆ ಹಾಡಿದ್ದು ಬಹುಮಟ್ಟಿಗೆ ಪರರ ಕೃತಿಗಳನ್ನು. ಸ್ವಂತ ರಚನೆಯ ಹಂಬಲ ಮನಸ್ಸಿನಲ್ಲೇ ಉಳಿದಿತ್ತು. 1894ರಲ್ಲಿ ಹರ್ಬರ್ಟ್ ಬೆಡ್‌ಫರ್ಡನನ್ನು ವಿವಾಹವಾಗಿ ವೇದಿಕೆಯಿಂದ ನಿವೃತ್ತಳಾದಳು. ಅಲ್ಲಿಗೆ ಕಲಾಜೀವನ ಮುಗಿಯಿತೆಂದು ಯಾರಿಗಾದರೂ ತೋರಬಹುದಿತ್ತು. ಅದರ ಉತ್ತಮ ಭಾಗ ಆರಂಭವಾದುದೇ ಆಗ.

ಎರಡು ವರ್ಷಗಳ ತರುವಾಯ, ಫಿಟ್ಸ್‌ಜೆರಾಲ್ಡನು ಇಂಗ್ಲಿಷಿಗೆ ತಂದ ಉಮರ್ ಖಯ್ಯಾಮನ ಪದ್ಯಗಳನ್ನು ಆರಿಸಿ, ನಾಲ್ಕು ಕಂಠಗಳಿಗೂ ಪಿಯಾನೋವಿಗೂ ಹೊಂದುವಂತೆ ‘ಇನ್ ಎ ಪರ್ಷಿಯನ್ ಗಾರ್ಡನ್’ ಎಂಬ ಗೀತಮಾಲೆಯನ್ನು ರಚಿಸಿದಳು. ಡಿ. ವಿ. ಜಿ.ಯವರ ‘ಉಮರನ ಒಸಗೆ’ಯನ್ನು ಓದಿದ ನಮಗೆ ಆ ಪದ್ಯಗಳ ಭಾವ ಅಪರಿಚಿತವಲ್ಲ. ಈ ಕೃತಿಯಿಂದ ಲೀಜಾಳ ಕೀರ್ತಿ ಅಮೆರಿಕಕ್ಕೂ ಹಬ್ಬಿತು. 1911ರಲ್ಲಿ ಸ್ಥಾಪಿತವಾದ ಮಹಿಳಾ ಸಂಗೀತಗಾರರ ಸಂಘಕ್ಕೆ ಆಕೆಯೇ ಪ್ರಥಮ ಅಧ್ಯಕ್ಷೆ. ಬಳಿಕ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಗಾಯನವನ್ನು ಕಲಿಸಿದಳು.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕ ಶಿಕ್ಷಣ ಪಡೆಯುತ್ತಿದ್ದ ಮಗನೊಬ್ಬನು ತೀರಿಕೊಂಡನು. ಆ ಯುದ್ಧದ ವರ್ಷಗಳಲ್ಲೂ ಆಕೆಯ ಲೇಖನಿ ನಿಲ್ಲಲಿಲ್ಲ. ಆತ್ಮಕಥೆಯನ್ನು ಬರೆದು ಮುಗಿಸಿ, 1918ರ ಸೆಪ್ಟೆಂಬರಿನಲ್ಲಿ ಕಣ್ಣುಮುಚ್ಚಿದಳು. ತಾಯಿ ಎರಡಕ್ಷರಗಳಲ್ಲಿ ಮರೆಮಾಡಿಕೊಂಡಿದ್ದ ಮನೆತನದ ಸಂಗೀತವನ್ನು ಮಗಳು ತನ್ನ ಪೂರ್ಣ ಹೆಸರಿನಲ್ಲಿ ಲೋಕದ ಮುಂದಿಟ್ಟಳು.